ಅಪ್ಪನ ವಿಲ್‌ನಲ್ಲಿ ಎರಡನೆಯ ಹೆಸರು

ಏಳು ವರ್ಷಗಳ ಮೌನದ ನಂತರ ಮಾಳವಿಕಾ ಭಾರ್ಗವನಿಗೆ ಕಳಿಸಿದ ಮೊದಲ ಮೆಸೇಜ್‌ನಲ್ಲಿ ಪ್ರೀತಿಯ ಮಾತು ಒಂದೂ ಇರಲಿಲ್ಲ.

'ಅಪ್ಪ ಹೋದರು. ವಿಲ್‌ನಲ್ಲಿ ನಿನ್ನ ಹೆಸರಿದೆ. ಪ್ರೊಬೇಟ್ ಫಾರಂ ವಿಷಯಕ್ಕೆ ನಿನ್ನ ಸಹಿ ಬೇಕು. ಪೋಸ್ಟ್‌ನಲ್ಲಿ ಕಳಿಸಲಾ?'

ಹತ್ತು ನಿಮಿಷಕ್ಕೆ ಉತ್ತರ ಬಂತು. 'ಪೋಸ್ಟ್ ಬೇಡ. ಶನಿವಾರ ಬರ್ತೀನಿ.'

ಆ ಎರಡು ಮಾತಿನಲ್ಲಿ ಅವಳು ನಾಲ್ಕು ದಿನ ಬದುಕಿದಳು. ಫೋನಿನ ಬೆಳಕು ಆರಿದಾಗಲೆಲ್ಲ ಬೆರಳು ತಾನಾಗಿಯೇ ಹೋಗಿ ಮುಟ್ಟುತ್ತಿತ್ತು. ಶುಕ್ರವಾರ ಸಟನ್ ಹೈ ಸ್ಟ್ರೀಟ್‌ನಲ್ಲಿ ಸಾಸಿವೆ ಹೂವಿನ ಬಣ್ಣದ ಒಂದು ಉಣ್ಣೆಯ ಕಾರ್ಡಿಗನ್ ಕೊಂಡಳು. ನಲವತ್ತೆರಡು ವರ್ಷದ ಹೆಂಗಸು, ಅಪ್ಪ ತೀರಿಕೊಂಡು ಇನ್ನೂ ಆರು ವಾರ ತುಂಬಿಲ್ಲ. ನಾಚಿಕೆಯಾಯಿತು. ಆದರೂ ಕೊಂಡಳು.

ಅಪ್ಪ ಡಾಕ್ಟರ್ ತಿರುಮಲೇಶ ಮೈಸೂರಿನವರು. ಮೂವತ್ತು ವರ್ಷ ಇಲ್ಲಿ, ಇಂಗ್ಲಿಷರ ನಾಡಿನ ಆಸ್ಪತ್ರೆಯಲ್ಲಿ ದುಡಿದವರು. ಅವರು ವಿಲ್ ಬರೆಸಿದ್ದು 2005ರಲ್ಲಿ. ಅದೇ ವರ್ಷ ಅಮ್ಮ ಹೋಗಿದ್ದಳು. ಅದೇ ವರ್ಷ ಮಾಳವಿಕಾಳಿಗೂ ಅಪ್ಪನ ಕೈಕೆಳಗೆ ಕೆಲಸ ಕಲಿತ ಭಾರ್ಗವನಿಗೂ ಮದುವೆ ಎಂದು ಮಾತಾಗಿತ್ತು. ತಾನು ಸತ್ತ ಮೇಲೆ ವಿಲ್ ನಡೆಸಿಕೊಡಬೇಕಾದ ಎಕ್ಸಿಕ್ಯೂಟರ್‌ಗಳು ಇಬ್ಬರು ಎಂದು ಅಪ್ಪ ಬರೆಸಿದರು: ಮಗಳು ಮಾಳವಿಕಾ, ಮತ್ತು 'ನನ್ನ ಅಳಿಯನಾಗಲಿರುವ ಭಾರ್ಗವ'.

ಮುಂದೆ ಅಪ್ಪನ ನೆನಪು ಹೋಗುತ್ತ ಬಂತು. ಬುದ್ಧಿ ಸ್ಥಿಮಿತದಲ್ಲಿಲ್ಲದವರು ವಿಲ್ ಬದಲಿಸುವಂತಿಲ್ಲ. ಭಾರ್ಗವ ಅಳಿಯನಾಗಲಿಲ್ಲ. ಹೆಸರು ಮಾತ್ರ ಹಾಳೆಯ ಮೇಲೆ ಉಳಿಯಿತು.

*

ಶನಿವಾರ ಹನ್ನೊಂದಕ್ಕೆ ಅವನು ಸಟನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬಂದ. ಕಿವಿಯ ಮೇಲೆ ಬೆಳ್ಳಗಾಗಿತ್ತು. ಕನ್ನಡಕ ಬಂದಿತ್ತು. ಅವನ ಕಣ್ಣು ಮೊದಲು ಕಾರ್ಡಿಗನ್ ಮೇಲೆ ನಿಂತು, ಆಮೇಲೆ ನಿಧಾನವಾಗಿ ಅವಳ ಮುಖಕ್ಕೆ ಏರಿತು.

"ಹಳದಿ ನಂಗೆ ಒಪ್ಪಲ್ಲ ಅಂತ ನೀನೇ ಹೇಳ್ತಿದ್ದೆ," ಅಂದ.

"ಈಗ ಒಪ್ಪುತ್ತೆ."

"ಹೂಂ," ಅಂದ. "ಒಪ್ಪುತ್ತೆ."

ಅಷ್ಟಕ್ಕೇ ಅವಳ ಕಿವಿ ಬಿಸಿಯಾಯಿತು. ದಾರಿಯುದ್ದಕ್ಕೂ ಇಬ್ಬರೂ ಟ್ರೈನು, ಚಳಿ, ದೂರದ ಲೀಡ್ಸಿನಲ್ಲಿ ಅವನ ಕೆಲಸದ ಬಗ್ಗೆ ಮಾತಾಡಿದರು. ಮಾತಾಡಬೇಕಾದ ಒಂದು ವಿಷಯದ ಸುತ್ತಲೇ ನಡೆದರು. ಅವನಿಗೆ ಶೀತಲ್ ಎಂಬವಳ ಜೊತೆ ಮದುವೆಯಾಗಿದೆಯೆಂದು ಯಾರೋ ಹೇಳಿದ್ದರು. ಕಳೆದ ವರ್ಷ ಬೇರೆಯಾದರೆಂದೂ ಯಾರೋ ಹೇಳಿದ್ದರು. ಮಾಳವಿಕಾ ಎರಡನೆಯ ಸುದ್ದಿಯನ್ನು ಮಾತ್ರ ಕಾಪಾಡಿಕೊಂಡಿದ್ದಳು.

ಊಟದ ಮೇಜಿನ ಮೇಲೆ ಅವಳು ಎಲ್ಲವನ್ನೂ ಜೋಡಿಸಿಟ್ಟಿದ್ದಳು: ಡೆತ್ ಸರ್ಟಿಫಿಕೇಟ್, ತೆರಿಗೆಯ ಫಾರಂ, ವಿಲ್ ಅನ್ನು ಕೋರ್ಟು ಮಾನ್ಯ ಮಾಡುವ ಪ್ರೊಬೇಟ್‌ಗೆ ಅರ್ಜಿ, ವಿಲ್‌ನ ಮೂಲಪ್ರತಿ. ಅವನು ವಿಲ್ ಎತ್ತಿಕೊಂಡ. ಎರಡನೆಯ ಪುಟ ಸರಿಯಾಗಿ ಕಾಣದೆ ಉಗುರಿನಿಂದ ಮೂಲೆಯ ಪಿನ್ ಮೀಟಲು ಹೋದ.

"ಅಯ್ಯೋ, ಪಿನ್ ತೆಗೀಬೇಡ!" ಅವಳು ಅವನ ಕೈಯನ್ನು ಗಪ್ಪನೆ ಹಿಡಿದಳು. "ತೂತು ಕಂಡ್ರೆ ಯಾವ್ದೋ ಹಾಳೆ ಕಿತ್ತಿದಾರೆ ಅಂತ ರಿಜಿಸ್ಟ್ರಿಯವ್ರು ಅನುಮಾನ ಪಡ್ತಾರಂತೆ."

"ನಾನೇನು ಕೀಳ್ತಿದ್ದೆ? ನನ್ನ ಹೆಸರಿರೋ ಹಾಳೇನಾ?"

"ನಿನ್ನ ನಂಬೋಕಾಗಲ್ಲ."

ಅವನು ನಕ್ಕ. ಅವಳೂ ನಕ್ಕಳು. ನಗು ಮುಗಿದ ಮೇಲೂ ಅವಳ ಕೈ ಅವನ ಕೈಮೇಲೆಯೇ ಇತ್ತು. ಅವನ ಹೆಬ್ಬೆರಳು ಒಮ್ಮೆ, ಮರೆತಂತೆ, ಅವಳ ಬೆರಳಿನ ಗೆಣ್ಣನ್ನು ಸವರಿತು. ಅವನು ಕೈ ಹಿಂದಕ್ಕೆಳೆದುಕೊಂಡು ಕನ್ನಡಕ ಒರೆಸತೊಡಗಿದ.

"ಅಪ್ಪ ಪ್ರತಿ ಸಂಜೆ ಕೇಳೋರು," ಅಂದಳು. "ಭಾರ್ಗವ ಡ್ಯೂಟಿ ಮುಗಿಸಿ ಬಂದ್ನಾ ಅಂತ."

"ನೀನೇನು ಹೇಳ್ತಿದ್ದೆ?"

"ಬರ್ತಾ ಇದ್ದಾನೆ ಅಂತಿದ್ದೆ."

"ಏಳು ವರ್ಷಾನಾ?"

"ಅವರಿಗೆ ದಿನಾ ಅದು ಹೊಸ ಪ್ರಶ್ನೆ. ಹೇಳಿ ಹೇಳಿ ನಂಗೇ ನಂಬಿಕೆ ಬಂದುಬಿಡ್ತು."

ಅವನು ಕನ್ನಡಕ ಒರೆಸುತ್ತಲೇ ಇದ್ದ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು ಅವಳಿಗೆ.

"ಕಿಂಗ್ಸ್ ಕ್ರಾಸ್ ಸ್ಟೇಷನ್‌ನಲ್ಲಿ ಅವತ್ತು ನಿನ್ನ ಮೇಲೆ ನಂಗೆ ಪ್ರೀತಿ ಇಲ್ಲ ಅಂದೆನಲ್ಲ, ಅದು ಸುಳ್ಳು. ಅಪ್ಪನ್ನ ಬಿಟ್ಟು ಲೀಡ್ಸಿಗೆ ಬರೋ ಹಾಗಿರಲಿಲ್ಲ. ನೀನಾದ್ರೂ ಬದುಕು ಅಂತ ಹೇಳಿದ್ದು."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಅವತ್ತೇ. ನೀನು ಹೇಳ್ತಿರೋವಾಗಲೇ."

ಮಾಳವಿಕಾ ಅವನನ್ನೇ ನೋಡಿದಳು. ಈ ಏಳು ವರ್ಷ ಅವಳು ಹೊತ್ತದ್ದು ಒಂದೇ ಭಾರ. ತಾನು ಅವನನ್ನು ಮೋಸಗೊಳಿಸಿದೆ ಎಂಬ ಭಾರ. ಅದು ಇಳಿಯಲಿಲ್ಲ, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು.

"ಗೊತ್ತಿದ್ದೂ ಹೋದ್ಯಾ?"

"ಲೀಡ್ಸಲ್ಲಿ ಕೆಲಸ ಸಿಕ್ಕ ಮೇಲೆ ಮೂರು ವರ್ಷ, ಶುಕ್ರವಾರ ಆದ್ರೆ ಟ್ರೈನ್ ಹತ್ತಿ ಓಡಿ ಬರ್ತಿದ್ದೆ ಮಾಳು. ಸುಸ್ತಾಗಿ ಹೋಗಿದ್ದೆ. ನೀನು ಸುಳ್ಳು ಹೇಳಿ ಬಾಗಿಲು ತೆಗೆದೆ, ನಾನು ಹೊರಟುಬಿಟ್ಟೆ." ಅವನು ಕನ್ನಡಕ ಹಾಕಿಕೊಂಡ. "ನಾನು ಒಂದೇ ಒಂದು ಸಲ 'ಸುಳ್ಳು ಹೇಳ್ತಿದೀಯ' ಅಂದಿದ್ರೆ ಸಾಕಿತ್ತು. ಅನ್ನಲಿಲ್ಲ."

ಪಕ್ಕದ ಮನೆಯಲ್ಲಿ ಯಾರೋ ಕಸ ಹೀರುವ ಹೂವರ್ ಓಡಿಸುತ್ತಿದ್ದರು.

"ಮತ್ತೆ ಈಗ ಯಾಕೆ ಬಂದೆ? ಪೋಸ್ಟ್ ಆಗ್ತಿತ್ತಲ್ಲ."

"ನಿನ್ನ ನೋಡಬೇಕು ಅನ್ನಿಸ್ತು. ಸರ್‌ನ, ನಿಮ್ಮಪ್ಪನ್ನ, ಕೊನೇಲಿ ನೋಡೋಕೂ ಬರಲಿಲ್ಲ..." ಅವನು ಮಾತು ಬದಲಿಸಿದ. "ಶೀತಲ್‌ಗೆ ಹೇಳೇ ಬಂದಿದೀನಿ. ಒಂದು ವರ್ಷ ಬೇರೆ ಇದ್ವಿ. ಮಾರ್ಚಿಂದ ಮತ್ತೆ ಒಟ್ಟಿಗೆ ಇದೀವಿ. ಮಗಳಿಗೆ ಐದು ವರ್ಷ."

ಮಾರ್ಚ್. ಮಾರ್ಚ್‌ನಲ್ಲಿ ಅಪ್ಪ ಇನ್ನೂ ಇದ್ದರು. ಅದಕ್ಕೂ ಮೊದಲು ಅವನು ಒಂಟಿಯಾಗಿದ್ದಾಗ, ಅಪ್ಪನಿದ್ದುದರಿಂದ ಅವಳು ಒಂಟಿಯಾಗಿರಲಿಲ್ಲ. ಇಂದು ಅವಳು ಒಂಟಿಯಾದಾಗ ಅವನು ಅಲ್ಲ. ಅವಳಿಗೆ ಕಾರ್ಡಿಗನ್ ಬಿಚ್ಚಿ ಎಲ್ಲಾದರೂ ಬಚ್ಚಿಡಬೇಕೆನಿಸಿತು.

"ಸಹಿ ಎಲ್ಲಿ?" ಎಂದ ಭಾರ್ಗವ.

ಅವಳು ಅರ್ಜಿ ತಿರುಗಿಸಿ ತೋರಿಸಿದಳು. ಇಬ್ಬರಲ್ಲಿ ಒಬ್ಬ ಎಕ್ಸಿಕ್ಯೂಟರ್ ಈ ಕೆಲಸಕ್ಕೆ ಸೇರದಿದ್ದರೆ ದಾರಿ ಎರಡು. ಒಂದು, 'ಪವರ್ ರಿಸರ್ವ್ಡ್': ಈಗ ಬರುವುದಿಲ್ಲ, ಆದರೆ ಮುಂದೆ ಯಾವಾಗ ಬೇಕಾದರೂ ಬರುವ ಹಕ್ಕು ಉಳಿಯುತ್ತದೆ. ಇನ್ನೊಂದು, 'ರಿನೌನ್ಸ್': ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದು.

ಅವನು ಮೊದಲನೆಯದರ ಮೇಲೆ ಬೆರಳಿಟ್ಟ. "ಇದಿರಲಿ. ಮುಂದೆ ಏನಾದ್ರೂ ಬೇಕಾದ್ರೆ ನಾನು..."

"ಬೇಡ. ಬಿಟ್ಟುಕೊಡು."

"ಮಾಳು, ಬರೀ ಫಾರಂ ಇದು."

"ಗೊತ್ತು. ಆದ್ರೆ ನೀನು ಯಾವಾಗ ಬೇಕಾದ್ರೂ ಬರಬಹುದು ಅಂತ ಒಂದು ಹಾಳೇಲಿ ಬರೆದಿದ್ರೂ ಸಾಕು, ನಾನು ಕಾಯ್ತೀನಿ. ಕಾಯೋದು ಬಿಟ್ಟು ನಂಗೆ ಬೇರೇನೂ ಬರಲ್ಲ. ದಯವಿಟ್ಟು."

ಅವನು ಆ ಹಾಳೆಯನ್ನು ಇನ್ನೊಮ್ಮೆ ಓದಿದ. ಆಮೇಲೆ ಪೆನ್ನಿಗಾಗಿ ಕೈ ಚಾಚಿದ.

ಹಕ್ಕು ಬಿಡುವ ಪತ್ರಕ್ಕೆ ಹೊರಗಿನವರೊಬ್ಬರ ಸಾಕ್ಷಿ ಬೇಕು. ಪಕ್ಕದ ಮನೆಯ ವಿಜಯಾ ಆಂಟಿ, ಧಾರವಾಡದವರು, ಹೂವರ್ ಬಿಟ್ಟು ಬಂದರು. ನಾಲ್ಕು ವರ್ಷದ ಹಿಂದೆ ಬಂದವರಿಗೆ ಭಾರ್ಗವನ ಪರಿಚಯವಿರಲಿಲ್ಲ. ಮೇಜಿನ ಎರಡು ಬದಿಯ ಇಬ್ಬರನ್ನೂ, ನಡುವಿನ ಕಾಗದವನ್ನೂ ನೋಡಿ ಅವರ ಮುಖ ಅರಳಿತು.

"ಏನವಾ ಇದು, ರಿಜಿಸ್ಟರ್ ಲಗ್ನ ಏನ? ಮೊದಲ ಹೇಳಿದ್ರ ಛಲೋ ಸೀರಿ ಉಟಗೊಂಡು ಬರ್ತಿದ್ದೆನಲ್ಲಾ!"

"ಅಲ್ಲ ಆಂಟಿ," ಎಂದಳು ಮಾಳವಿಕಾ. "ಅಪ್ಪನ ಕೆಲಸ."

ಅವಳ ಮುಖ ಕಂಡು ಆಂಟಿ ಕುರ್ಚಿ ಎಳೆದು ಕೂತರು. ಅವನು ಸಹಿ ಮಾಡುವುದನ್ನು ನೋಡಿ, ಕೆಳಗೆ ತಮ್ಮ ಹೆಸರು, ವಿಳಾಸ ಬರೆದರು. ಹೊರಡುವಾಗ ಏನೂ ಕೇಳದೆ ಅವಳ ಬೆನ್ನು ಸವರಿದರು.

ಸ್ಟೇಷನ್ನಿನ ಗೇಟಿನ ಬಳಿ ಭಾರ್ಗವ ನಿಂತ. ಅಪ್ಪಿಕೊಳ್ಳುತ್ತಾನೆ ಅಂದುಕೊಂಡಳು. ಅವನೂ ಹಾಗೇ ಅಂದುಕೊಂಡಿರಬೇಕು. ಕೈ ಅರ್ಧ ಎದ್ದಿತು, ಇಳಿಯಿತು.

"ಪ್ರೊಬೇಟ್ ಆಫೀಸಿನಲ್ಲಿ ಪ್ರಮಾಣ ಮಾಡೋ ತಾರೀಕು ಬಂದಾಗ ತಿಳಿಸು. ಅಷ್ಟೇ," ಅಂದ.

"ತಿಳಿಸ್ತೀನಿ."

*

ನವೆಂಬರಿನಲ್ಲಿ ತಾರೀಕು ಬಂತು. ಅವಳು ಅದನ್ನಷ್ಟೇ ಅವನಿಗೆ ಕಳಿಸಿದಳು.

ಆ ದಿನ ಹೈ ಹೋಬರ್ನ್‌ನ ಪ್ರೊಬೇಟ್ ಆಫೀಸಿನಲ್ಲಿ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು ಅವಳ ಕೈಗೆ ಭಗವದ್ಗೀತೆ ಕೊಟ್ಟರು. ಇದು ನನ್ನ ತಂದೆಯ ಕೊನೆಯ ವಿಲ್, ಇನ್ನೊಬ್ಬ ಎಕ್ಸಿಕ್ಯೂಟರ್ ಹಕ್ಕು ಬಿಟ್ಟುಕೊಟ್ಟಿದ್ದಾರೆ ಎಂದು ಮಾಳವಿಕಾ ಪ್ರಮಾಣ ಮಾಡಿದಳು. ಹತ್ತು ನಿಮಿಷದಲ್ಲಿ ಮುಗಿಯಿತು.

ಸಿಟಿ ಥೇಮ್ಸ್‌ಲಿಂಕ್ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ನಿಂತಾಗ ಹೊತ್ತು ಮಧ್ಯಾಹ್ನ ಎರಡು. ಮನೆಗೆ ಬೇಗ ಹೋಗಬೇಕಾದ ಕಾರಣ ಏನೂ ಇಲ್ಲ ಎಂಬುದು ಅವಳಿಗೆ ಅಲ್ಲಿ ಹೊಳೆಯಿತು. ಆಗ ಫೋನ್ ಮಿಡಿಯಿತು. ಭಾರ್ಗವ.

'ಆಯ್ತಾ?'

ಅವಳು ಬರೆದಳು. ಉದ್ದವಾಗಿ ಬರೆದಳು. ಎಲ್ಲವನ್ನೂ ಅಳಿಸಿದಳು.

'ಆಯ್ತು.'

ಅವನು ಟೈಪ್ ಮಾಡುತ್ತಿದ್ದಾನೆಂದು ಫೋನ್ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ನಿಂತಿತು. ಸಟನ್ ಟ್ರೈನ್ ಬಂತು. ಅವಳು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಹತ್ತಿದಳು.

ಮನೆ ತಲುಪುವವರೆಗೂ ಅದನ್ನು ತೆಗೆಯಬಾರದೆಂದು ಹಠ ಹಿಡಿದಳು. ತಲುಪಿ, ಬೀಗ ತೆಗೆದು, ಕೋಟು ಬಿಚ್ಚದೆಯೇ ಹಾಲ್‌ನಲ್ಲಿ ನಿಂತು ನೋಡಿದಳು.

ಏನೂ ಬಂದಿರಲಿಲ್ಲ.