ಕಳುವಾದ ಲಾರಿಗೆ ಎಲ್ ಬೋರ್ಡ್

2011ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಪೀಣ್ಯದ ಠಾಣೆಗೆ ಓಡಿಬಂದ ಹನುಮಯ್ಯನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಾಲ್ಕು ಲಾರಿ ಇಟ್ಟುಕೊಂಡು ಬಾಡಿಗೆಗೆ ಓಡಿಸುವ ಆಸಾಮಿ. ನಾಲ್ಕರಲ್ಲೊಂದು ಯಾರ್ಡಿನಿಂದ ಮಾಯವಾಗಿತ್ತು.

"ತಿಂಡಿ ತಿಂದು ಬರೋಷ್ಟರಲ್ಲಿ ಹೊಡ್ಕೊಂಡು ಹೋಗ್ಬಿಟ್ಟವ್ರೆ ಸಾರ್. ಹಾಡಹಗಲಲ್ಲಿ!"

"ಲೋಡ್ ಇತ್ತಾ?" ಇನ್‌ಸ್ಪೆಕ್ಟರ್ ಜಯಸಿಂಹ ಕೇಳಿದ.

"ಖಾಲಿ ಸಾರ್."

"ಕೀ?"

"ಒಂದು ನನ್ ಜೇಬಲ್ಲೇ ಐತೆ. ಇನ್ನೊಂದು ಕಳೆದೋಗಿ ವರ್ಷದ ಮೇಲಾಯ್ತು."

"ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೆ ಅಂತ ಹೇಳ್ಲಿ ಸಾರ್?"

ಒಂಬತ್ತೂ ಮುಕ್ಕಾಲಿಗೆ ಐಪಿಸಿ 379ರಡಿ ಎಫ್‌ಐಆರ್ ದಾಖಲಾಯಿತು. ಜಯಸಿಂಹನಿಗೆ ಲಾರಿ ಕಳ್ಳತನ ಹೊಸದೇನಲ್ಲ. ಕದ್ದ ಲಾರಿ ಒಂದೋ ಗುಜರಿಗೆ ಹೋಗಿ ಬಿಡಿಬಿಡಿಯಾಗುತ್ತದೆ, ಇಲ್ಲವೇ ಗಡಿ ದಾಟಿ ಹೊಸ ನಂಬರು ಹಾಕಿಕೊಳ್ಳುತ್ತದೆ. ಹೊಸೂರು ರಸ್ತೆಗೂ ನೆಲಮಂಗಲದ ಕಡೆಗೂ ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿಸಿ, ಕಾನ್‌ಸ್ಟೆಬಲ್ ಗೋಪಾಲಪ್ಪನನ್ನು ಕರೆದುಕೊಂಡು ಯಾರ್ಡಿಗೆ ಹೊರಟ.

ಅಲ್ಲಿ ಕಂಡದ್ದು ಅವನಿಗೆ ಅಷ್ಟು ಹಿಡಿಸಲಿಲ್ಲ. ಗೇಟಿನ ಬೀಗ ಒಡೆದಿರಲಿಲ್ಲ, ತೆಗೆದಿತ್ತು. ನೆಲದ ಮೇಲೆ ಗಾಜಿನ ಚೂರಿಲ್ಲ. ಚಕ್ರಕ್ಕೆ ಒಡ್ಡಿದ್ದ ಕಲ್ಲುಗಳನ್ನು ಯಾರೂ ಎಡವದ ಹಾಗೆ ಗೋಡೆಯ ಬುಡಕ್ಕೆ ಸರಿಸಿಟ್ಟಿದ್ದರು. ಇಷ್ಟು ಮರ್ಯಾದಸ್ಥ ಕಳ್ಳನನ್ನು ಅವನು ತನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಮುಗಿಸಿದ.

ಯಾರ್ಡಿನ ಹಿಂದೆ ಒಂದು ಶೀಟಿನ ಕೋಣೆಯಿತ್ತು. ಬಾಗಿಲಿಗೆ ಬೀಗ.

"ಇಲ್ಲಿ ಯಾರಿದ್ದಾರೆ?"

"ನಮ್ಮ ಹಳೇ ಡ್ರೈವರ್ ಈಶಪ್ಪ, ಅವ್ನ ಹೆಂಡ್ತಿ. ಯಾದಗಿರಿ ಕಡೆಯೋರು. ಹೋದ ವರ್ಷ ಲೋಡಿನ ಮೇಲಿಂದ ಬಿದ್ದು ಅವ್ನ ಬಲಗಾಲು ತೆಗೀಬೇಕಾಯ್ತು. ಹೊಸ ಡ್ರೈವರ್ ಸಿಗೋವರ್ಗೂ ಇರ್ಲಿ ಅಂತ ಬಿಟ್ಟಿದ್ದೀನಿ. ಭಾನುವಾರ ಇಬ್ರೂ ಸೇರಿ ಲಾರಿ ತೊಳೆದುಕೊಡ್ತಾರೆ." ಹನುಮಯ್ಯ ತಾನೇ ಉತ್ತರವನ್ನೂ ಸೇರಿಸಿದ: "ಒಂದು ಕಾಲಲ್ಲಿ ಲಾರಿ ಹೊಡೆಯೋಕಾಗುತ್ತಾ ಸಾರ್?"

ಆಗುವುದಿಲ್ಲ ಎಂದು ಜಯಸಿಂಹನೂ ಒಪ್ಪಿಕೊಂಡ. ಇಬ್ಬರು ಗಂಡಸರೂ ಈಶಪ್ಪನ ಕಾಲನ್ನಷ್ಟೇ ಲೆಕ್ಕ ಹಾಕಿ ಸುಮ್ಮನಾದರು.

ರಸ್ತೆಯಾಚೆ ಶಿವಲಿಂಗಮ್ಮನ ಟೀ ಅಂಗಡಿ. ಆಕೆ ಲಾರಿಯನ್ನು ನೋಡಿದ್ದಳು.

"ಊಂ ಸಾರ್, ಇತ್ಲಾಗೇ ಓಯ್ತು. ಮುಂದ್ಗಡೆ ಬಿಳೀ ಬಟ್ಟೆ ಮ್ಯಾಲೆ ಕೆಂಪಗೆ ಎಲ್ ಅಂತ ಬರ್ದು ಕಟ್ಟಿದ್ರು."

"ಎಲ್ ಅಂತಾನಾ? ಕಲಿಯೋರು ಹಾಕ್ತಾರಲ್ಲ, ಆ ಎಲ್?"

"ಅದೇಯ. ತಿರುವಿನಲ್ಲಿ ಕೈ ಆಚೆ ಚಾಚಿ ಸಿಗ್ನಲ್ ತೋರ್ಸಿದ್ರು. ಇಲ್ಲಿ ಯಾವ ಲಾರಿಯೋನು ಅಂಗೆ ತೋರಿಸ್ತಾನೆ? ಅದ್ಕೇ ನೋಡ್ದೆ. ಕೈ ತುಂಬ ಹಸಿರು ಬಳೆ ಇತ್ತು."

ಗೋಪಾಲಪ್ಪನಿಗೆ ನಗು ತಡೆಯಲಾಗಲಿಲ್ಲ. ಜಯಸಿಂಹ ನಗಲಿಲ್ಲ. ಕದ್ದ ಲಾರಿಗೆ ಎಲ್ ಬೋರ್ಡ್ ಕಟ್ಟುವವರು ಗಡಿ ದಾಟುವುದಿಲ್ಲ. ಕೈ ತೋರಿಸಿ ತಿರುಗುವ ಅಭ್ಯಾಸವಿರುವುದು ಪರೀಕ್ಷೆಗೆ ತಯಾರಾದವರಿಗೆ ಮಾತ್ರ. ಆರ್‌ಟಿಒ ಪರೀಕ್ಷೆಗೆ ಹೋಗುವವರು ವಾಹನವನ್ನು ತಾವೇ ತರಬೇಕು. ಸ್ಕೂಟರಿನವನು ಸ್ಕೂಟರು ತರುತ್ತಾನೆ, ಕಾರಿನವನು ಕಾರು. ಲಾರಿ ಎಲ್ಲಿಂದ ತರುವುದು?

"ಗೋಪಾಲಪ್ಪ, ಲೇಡಿ ಕಾನ್‌ಸ್ಟೆಬಲ್ ಸವಿತಾನ ಕರ್ಕೊಂಡ್ ಬಾ. ಹೆಣ್ಣುಮಗಳನ್ನ ಅರೆಸ್ಟ್ ಮಾಡೋದಿದೆ."

ಹನ್ನೊಂದೂ ಕಾಲಿಗೆ ಜೀಪು ಪರೀಕ್ಷಾ ಮೈದಾನ ತಲುಪಿತು. ಪರೀಕ್ಷೆ ನಡೆಸುವ, ಎಲ್ಲರೂ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಆರ್‌ಟಿಒ ಅಧಿಕಾರಿ ಲಾರಿಯ ಕ್ಯಾಬಿನ್ನಿನಲ್ಲೇ ಕೂತಿದ್ದ. ಬೇಲಿಯ ಬಳಿ ಊರುಗೋಲು ಕಂಕುಳಿಗೆ ಕೊಟ್ಟು ನಿಂತಿದ್ದ ಈಶಪ್ಪ ಜೀಪು ನೋಡಿದ. ಓಡುವಂತಿರಲಿಲ್ಲ. ಓಡುವ ಮನಸ್ಸೂ ಮಾಡಲಿಲ್ಲ. ಕೈ ಮುಗಿದ.

"ಸರ, ಏರ ಒಂದ ಉಳದೈತ್ರಿ. ಅದೊಂದ ಮುಗೀಲಿ. ನಿಮ್ಮ ಕಾಲಿಗೆ ಬೀಳ್ತೀನ್ರಿ."

ಏರು ಎಂದರೆ ಅರ್ಧ ದಿಬ್ಬದಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹತ್ತಿಸುವುದು. ಲಾರಿ ಅಲ್ಲೇ ನಿಂತಿತ್ತು. ಸ್ಟೇರಿಂಗ್ ಹಿಡಿದಿದ್ದ ಈಶಪ್ಪನ ಹೆಂಡತಿ ಭಾಗ್ಯಶ್ರೀ ಕಿಟಕಿಯಿಂದ ಖಾಕಿ ಬಟ್ಟೆಗಳನ್ನು ಕಂಡಳು. ಲಾರಿ ಒಂದು ಗೇಣು ಹಿಂದಕ್ಕೆ ಜರುಗಿತು. ಈಶಪ್ಪ ಕಣ್ಣು ಮುಚ್ಚಿಕೊಂಡ.

"ಸಾರ್, ಇಳಿಸ್ಲಾ?" ಗೋಪಾಲಪ್ಪ ಕೇಳಿದ.

"ಇರು. ದಿಬ್ಬದಲ್ಲಿ ಇಳಿಸಿದ್ರೆ ಲಾರಿನ ನೀನ್ ಹಿಡ್ಕೋತೀಯಾ?"

ಅದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಎಂಜಿನ್ ಒಮ್ಮೆ ಗುಡುಗಿ ಲಾರಿ ಮೆಲ್ಲನೆ ದಿಬ್ಬ ಹತ್ತಿತು. ಕೆಳಗಿಳಿದ ಬ್ರೇಕ್ ಇನ್‌ಸ್ಪೆಕ್ಟರ್ "ಪಾಸಮ್ಮ" ಎಂದು ಸಹಿ ಹಾಕಿದ. ಮರುಗಳಿಗೆಯೇ ಸವಿತಾ ಭಾಗ್ಯಶ್ರೀಯ ಮೊಣಕೈ ಹಿಡಿದಳು. ಆಕೆ ಬಿಡಿಸಿಕೊಳ್ಳಲು ನೋಡಲಿಲ್ಲ.

ಇನ್ನೊಂದು ತೊಂದರೆ ಎದುರಾಯಿತು. ಲಾರಿಯನ್ನು ಠಾಣೆಗೆ ತರಬೇಕು, ಪೊಲೀಸರಲ್ಲಿ ಜೀಪಿಗಿಂತ ದೊಡ್ಡದನ್ನು ಓಡಿಸಬಲ್ಲವರಿಲ್ಲ. ಕಲಿಯುವವರ ಪಕ್ಕದಲ್ಲಿ ಹೆವಿ ಲೈಸೆನ್ಸ್ ಇರುವವರು ಕೂರಬೇಕೆಂಬುದು ಕಾನೂನು. ಈಶಪ್ಪನ ಲೈಸೆನ್ಸಿಗೆ ಕಾಗದದ ಮೇಲೆ ಇನ್ನೂ ಜೀವವಿತ್ತು. ಹೀಗಾಗಿ ಕಳುವಾದ ಮಾಲನ್ನು ಆರೋಪಿಯೇ ಓಡಿಸಿದಳು. ಪಕ್ಕದಲ್ಲಿ ಗಂಡ, ಆಚೆ ತುದಿಯಲ್ಲಿ ಸವಿತಾ, ಮುಂದೆ ಜೀಪು. ಮೆಟ್ರೋ ಕಂಬಗಳಿಗಾಗಿ ಅಗೆದು ಹಾಕಿದ್ದ ತುಮಕೂರು ರಸ್ತೆಯಲ್ಲಿ ಒಂದು ಸಲವೂ ಯಾರಿಗೂ ತಾಗಿಸದೆ ತಂದು ನಿಲ್ಲಿಸಿದಳು.

ಠಾಣೆಯಲ್ಲಿ ಜಯಸಿಂಹ ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಭಾಗ್ಯಶ್ರೀಯನ್ನು ಕೇಳಿದ.

"ಹನುಮಯ್ಯನ್ನ ಕೇಳಿದ್ರಾ?"

"ಎರಡ ಸಲ ಕೇಳಿದ್ವಿರಿ. ನಕ್ಕರು. ಹೆಣ್ಮಗಳ ಕೈಯಾಗ ಲಾರಿ ಕೊಟ್ರ ಅದು ಲಾರಿಯಾಗಿ ಉಳಿಯಂಗಿಲ್ಲ ಅಂದ್ರು."

"ಡ್ರೈವಿಂಗ್ ಸ್ಕೂಲ್ ಲಾರಿ?"

"ಎಂಜಿನ್ ಬಿಚ್ಚಿ ಗ್ಯಾರೇಜಿನ್ಯಾಗ ಹಾಕ್ಯಾರ್ರಿ. ಮುಂದಿನ ತಿಂಗಳ ಬಾ ಅಂದ್ರು. ನನ್ನ ಎಲ್‌ಎಲ್, ಕಲಿಕಾ ಲೈಸೆನ್ಸ್, ನಾಳೆಗೇ ಮುಗೀತೈತಿ. ಅದು ಹೋದ್ರ ಮತ್ತ ಮೊದಲಿಂದ. ಸರಕಾರಿ ಬಸ್ಸಿಗೆ ಹೆಣ್ಮಕ್ಕಳ ಡ್ರೈವರ್ ತಗೋತಾರ, ಅರ್ಜಿ ಈ ತಿಂಗಳಿಗೇ ಕಡೀ."

"ಕೀ ಎಲ್ಲಿತ್ತು?"

"ಇವರ ಹಳೀ ಅಂಗಿಯಾಗ ಸಿಕ್ಕತ್ರಿ. ಮಧ್ಯಾಹ್ನದೊಳಗ ತಂದ ನಿಲ್ಲಸ್ತಿದ್ದೆ. ಖರೇನ ಹೇಳ್ತೀನ್ರಿ ಸರ."

ಅವಳ ಮಾತನ್ನು ಜಯಸಿಂಹ ಅಕ್ಷರಶಃ ನಂಬಿದ. ನಂಬಿದರೂ ಕೇಳದೆ ಒಯ್ದದ್ದು ಕಳವೇ. ಅಷ್ಟರಲ್ಲಿ ಹನುಮಯ್ಯ ಒಳಗೆ ನುಗ್ಗಿ, ಅನ್ನ ಹಾಕಿದ ಮನೆಗೇ ಕನ್ನ ಹಾಕಿದರೆಂದು ಕೂಗಾಡಿದ. ಕೋಣೆಯಲ್ಲಿದ್ದ ಅವರ ಸಾಮಾನು ಆಗಲೇ ರಸ್ತೆಗೆ ಹಾಕಿಸಿ ಬಂದಿದ್ದ. ಲಾರಿಗೆ ಒಂದು ಗೀರೂ ಆಗಿಲ್ಲ ನೋಡಪ್ಪ ಎಂದು ಗೋಪಾಲಪ್ಪ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಓಡಿಸಿದವಳು ಭಾಗ್ಯಶ್ರೀ ಎಂದು ಅವಳೊಬ್ಬಳ ಹೆಸರಿಗೇ ಬರೆದ ಅರೆಸ್ಟ್ ಮೆಮೋಗೆ ಸಹಿಯಾದಾಗ ಮಧ್ಯಾಹ್ನ ಎರಡು ಗಂಟೆ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಯಿತು. ಮೆಟ್ಟಿಲಿಳಿಯುತ್ತಿದ್ದ ಭಾಗ್ಯಶ್ರೀ ಹಿಂತಿರುಗಿ ಬಂದಳು.

"ಸರ, ಲೈಸೆನ್ಸ್ ಪೋಸ್ಟಿನ್ಯಾಗ ಬರತೈತಂತ್ರಿ. ವಿಳಾಸ ಆ ಕೋಣೆದ ಕೊಟ್ಟೀನಿ. ಈಗ ಅಲ್ಲಿ ಯಾರೂ ಇರಂಗಿಲ್ಲ. ವಾಪಸ್ ಹೋಗಿಬಿಟ್ರ?"

"ಪೋಸ್ಟ್‌ಮನ್‌ಗೆ ಹೇಳಿಡ್ತೀನಿ. ಠಾಣೆಗೆ ತಂದ್ಕೊಡ್ತಾನೆ. ನಿಮ್ಮ ಯಜಮಾನ್ರು ಬಂದು ತಗೊಳ್ಳಲಿ."

"ಹಂಗಾರ ಅರ್ಜಿ ಹಾಕಬಹುದ್ರಿ," ಎಂದು ಅವಳು ಗಂಡನ ಕಡೆ ತಿರುಗಿ ಹೇಳಿದಳು. ಬೆಳಗಿನಿಂದ ಮೊದಲ ಸಲ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಬಸ್ಸಿನ ನೌಕರಿಗೆ ಆಯ್ಕೆಯಾದವರ ನಡತೆ ವಿಚಾರಿಸಿ ಕಾಗದ ಬರುವುದು ಅವರವರ ಠಾಣೆಗೆ. ಇವಳದ್ದು ಬಂದರೆ ಇಲ್ಲಿಗೇ ಬರುತ್ತದೆ, ಉತ್ತರದಲ್ಲಿ ಈ ಕಳವಿನ ಕೇಸನ್ನು ಬರೆಯಬೇಕಾದವನು ಜಯಸಿಂಹ. ಹೇಳಿಬಿಡೋಣ ಎಂದು ಬಾಯಿ ತೆರೆದ. ಅವಳು ಎರಡೂ ಕೈ ಜೋಡಿಸಿ, "ನಿಮ್ಮ ಉಪಕಾರ ಮರಿಯಂಗಿಲ್ರಿ ಸರ," ಅಂದಳು. ಅವನು ತಲೆಯಾಡಿಸಿ, ಜೀಪು ಹೊರಡಿಸುವಂತೆ ಗೋಪಾಲಪ್ಪನಿಗೆ ಹೇಳಿದ.