ನಿದ್ದೆಯ ಗೋಪುರ ಮತ್ತು ಮೂರು ಕಾಲಿನ ಪಿಯಾನೊ

ಕಾರಹುಣ್ಣಿಮೆಯ ಮಾರನೆಯ ದಿನ ದುಗ್ಗಣ್ಣನೆಂಬ ಹುಡುಗ ಮಠದ ಪಾಠ ಅರ್ಧಕ್ಕೆ ಬಿಟ್ಟು ಮೊದಲ ಸಲ ಊರಿನಿಂದ ಎದ್ದು ಹೋದ. ಇದು ಬಹಳ ಹಿಂದಿನ ಮಾತು. ಆಗಿನ್ನೂ ವಾದ್ಯಗಳು ಕಾಡಿನಲ್ಲಿ ಮೇಯುತ್ತಿದ್ದವು. ದಾರಿಯಲ್ಲಿ ಅವನಿಗೊಂದು ಪಿಯಾನೊ ಸಿಕ್ಕಿತು. ಕರಿ ಮೈ, ಮೂರು ಕಾಲು, ಬಾಯಿ ತುಂಬ ಕಪ್ಪು ಬಿಳಿ ಹಲ್ಲು. ಹಲ್ಲು ಮುಟ್ಟಿದರೆ ಹಾಡುತ್ತಿತ್ತು. ಅದಕ್ಕೆ ಹಗ್ಗ ಹಾಕಿಕೊಂಡು ದುಗ್ಗಣ್ಣ ರಾಜ್ಯದಿಂದ ರಾಜ್ಯಕ್ಕೆ ಅಲೆದ. ಅಲೆದು ಅಲೆದು ಅವನ ಗಡ್ಡ ನರೆಯಿತು, ಪಿಯಾನೊದ ಗೊರಸು ಸವೆಯಿತು, ಇಬ್ಬರೂ ದಣಿದರು.

ಹಾಗೆ ದಣಿದು ಬಂದದ್ದು ತಾಮ್ರಗಿರಿಗೆ. ಅಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಕಪಾಲಜಂಘನೆಂಬ ಮಾಂತ್ರಿಕ ಊರವರ ನಿದ್ದೆಯನ್ನೆಲ್ಲ ಕದ್ದು ತಾಮ್ರದ ಗೋಪುರದಲ್ಲಿ ಇಟ್ಟಿದ್ದ. ಗೋಪುರದ ಬಾಗಿಲು ತಾನು ಹಿಂದೆಂದೂ ಕೇಳದ ಹಾಡಿಗೆ ಮಾತ್ರ ತೆರೆಯುವುದು. ಆದರೆ ಹತ್ತಿರ ಹೋದ ವಾದ್ಯಗಾರರ ಬೆರಳು ಕಲ್ಲಾಗುತ್ತಿತ್ತು.

ಅದಕ್ಕೇ ಊರಿನ ಜಾಜ್ ಮೇಳದವರು ಹಾಡನ್ನು ಅರಗಿನ ಮಡಕೆಯಲ್ಲಿ ತುಂಬಿ ಗುಡ್ಡದಿಂದ ಬಾಗಿಲಿಗೆ ಉರುಳಿಸಲು ಹೊರಟಿದ್ದರು. ನಿನ್ನೆ ನುಡಿಸಿದ್ದನ್ನು ಇಂದು ನುಡಿಸದೆ ಕೂತಲ್ಲೇ ಹೊಸದು ಹುಟ್ಟಿಸುವುದು ಅವರ ಪದ್ಧತಿ. ಹೊರಗಿನವನೊಬ್ಬ ಸೇರಿದರೆ ಬಾಗಿಲಿಗೆ ಗುರುತೇ ಹತ್ತದು ಎಂದು ಅವರ ಎಣಿಕೆ.

"ಒಳ್ಳೇ ಹೊತ್ತಿಗೆ ಬಂದೆ, ಬಾರಪ್ಪ," ಎಂದಳು ಡೋಲಿನ ಚೆಲುವಜ್ಜಿ. ತೊಡೆಯ ಮೇಲೆ ಮೊಮ್ಮಗು ಕೆಂಪು ಕಣ್ಣು ಬಿಟ್ಟುಕೊಂಡು ಬಿದ್ದಿತ್ತು. "ಇದಕ್ಕೆ ಅಳೋಕೂ ತ್ರಾಣ ಇಲ್ಲ. ಇವತ್ತು ಮಲಗದಿದ್ರೆ ಉಳಿಯಲ್ಲ. ಅರಗು ಇರೋದು ಮೂರೇ ಮಡಕೆಗೆ."

"ನಿನ್ನ ಪಿಯಾನೊ ಕಚ್ಚುತ್ತಾ?" ಎಂದ ಕಹಳೆಯ ಮುದ್ದಯ್ಯ.

"ತಾಳ ತಪ್ಪಿದವರನ್ನ ಕಚ್ಚುತ್ತೆ."

"ಹಾಗಾದ್ರೆ ಅಜ್ಜೀನ ದೂರ ಕೂರಿಸಿ!"

"ಮೊದಲು ನಿನ್ನ ಕಿವಿ ಕಚ್ಚಲಿ, ಹೋಗೋ!" ಎಂದಳು ಅಜ್ಜಿ.

ಮೊದಲ ಮಡಕೆಯ ಮುಂದೆ ಎಲ್ಲರೂ ತಮ್ಮ ಕೈಚಳಕ ತೋರಿಸಿದರು. ಅತಿಥಿಯೆದುರು ಮುದ್ದಯ್ಯ ಕೆನ್ನೆ ಒಡೆಯುವಂತೆ ಊದಿದ, ದುಗ್ಗಣ್ಣನೂ ಬಿಡಲಿಲ್ಲ. ಮಡಕೆ ಉರುಳಿ ಬಾಗಿಲಿಗೆ ಬಡಿದು ಒಡೆಯಿತು. "ಜಗಳ ಕೇಳಿದೀನಿ," ಎಂದು ಬಾಗಿಲು ನಕ್ಕಿತು.

ಎರಡನೆಯ ಮಡಕೆಯ ಮುಂದೆ ಎಲ್ಲರಿಗೂ ನಾಚಿಕೆ. "ನೀವು ಮೊದಲು," ಎಂದು ಮುದ್ದಯ್ಯ ಸನ್ನೆ ಮಾಡಿದ. "ಇಲ್ಲ, ನೀವು," ಎಂದು ದುಗ್ಗಣ್ಣ ಕೈ ಮುಗಿದ. ಮರ್ಯಾದೆಯಲ್ಲೇ ಮಡಕೆ ತುಂಬಿತು. "ಮೌನಾನೂ ಕೇಳಿದೀನಿ," ಎಂದಿತು ಬಾಗಿಲು.

ಮೂರನೆಯ ಮಡಕೆಯ ಹೊತ್ತಿಗೆ ಯಾರಲ್ಲೂ ಶಕ್ತಿ ಉಳಿದಿರಲಿಲ್ಲ. ಮೆರೆದದ್ದೂ ಸಾಕು, ಮರ್ಯಾದೆಯೂ ಸಾಕು. ಪಿಯಾನೊ ಕಾಲು ಮಡಚಿ ಕೂತುಬಿಟ್ಟಿತು. ಮಗು ಒಮ್ಮೆ ಬಿಕ್ಕಿತು. ಅಜ್ಜಿಯ ಬೆರಳು ಆ ಬಿಕ್ಕಿಗೆ ತಾನಾಗಿ ಡೋಲು ತಟ್ಟಿತು. ದುಗ್ಗಣ್ಣ ಕೇಳಿಸಿಕೊಂಡ, ಎರಡು ಹಲ್ಲು ಮುಟ್ಟಿದ. ಮುದ್ದಯ್ಯ ಅದನ್ನು ಕೇಳಿಸಿಕೊಂಡ, ಇದ್ದ ಉಸಿರಲ್ಲೇ ಮೆಲ್ಲಗೆ ಊದಿದ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದರು. ಮಡಕೆ ಬೆಚ್ಚಗಾಯಿತು.

ಅದು ಬಾಗಿಲಿಗೆ ಬಡಿದು ಒಡೆದಾಗ ಬಾಗಿಲು, "ಇದೇನಿದು..." ಎಂದು ಅಷ್ಟಗಲ ಬಾಯಿ ತೆರೆದು ಆಕಳಿಸಿತು. ಒಳಗಿನ ನಿದ್ದೆ ಹೊರಗೆ ನುಗ್ಗಿತು. ಊರವರ ನಿದ್ದೆಯೆಲ್ಲ ಒಮ್ಮೆಲೇ ಮೈಮೇಲೆ ಬಿದ್ದು, ಗೋಪುರ ಕಾಯುತ್ತಿದ್ದ ಕಪಾಲಜಂಘ ನಿಂತಲ್ಲೇ ಕಲ್ಲಾದ. ಕಲ್ಲಾಗಿದ್ದ ಬೆರಳುಗಳು ಮೆತ್ತಗಾದವು. ನಡುಹಗಲಲ್ಲೇ ರಾಜ ಸಿಂಹಾಸನದಲ್ಲಿ, ಅಗಸ ಬಟ್ಟೆಗಂಟಿನ ಮೇಲೆ ಮಲಗಿದರು. ಮಗು ಅಜ್ಜಿಯ ಸೆರಗು ಹಿಡಿದು ಗಾಢವಾಗಿ ಮಲಗಿತು. ಅಂದಿನಿಂದ ತಾಮ್ರಗಿರಿಯವರು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ಮಲಗಿ, ಸುಖವಾಗಿ ಬಾಳಿದರು.

ಆ ನಡುಹಗಲು ದುಗ್ಗಣ್ಣನೂ ಅಡ್ಡಾದ, ಕಣ್ಣು ಮುಚ್ಚಿದ. ನಿದ್ದೆ ಬರಲಿಲ್ಲ. ಎದ್ದು ಕಂಬಳಿ ಮಡಚಿದ.

"ಎಲ್ಲಿಗಪ್ಪ? ಮಲಗು," ಎಂದಳು ಚೆಲುವಜ್ಜಿ, ಅರೆಗಣ್ಣಲ್ಲಿ.

"ನಂದು ಆ ಗೋಪುರದಲ್ಲಿ ಇರಲಿಲ್ಲ ಅಜ್ಜಿ."

"ಮತ್ತೆಲ್ಲಿಟ್ಟಿದೀಯ?"

ಅವನು ಯೋಚಿಸುವಷ್ಟರಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ದುಗ್ಗಣ್ಣ ಪಿಯಾನೊದ ಹಲ್ಲಿಗೆ ಬಟ್ಟೆ ಹೊದಿಸಿದ, ಗಂಟು ಕಟ್ಟಿದ, ಹಗ್ಗ ಕೈಗೆ ಸುತ್ತಿಕೊಂಡು ಮತ್ತೆ ದಾರಿ ಹಿಡಿದ.