ಉಪ್ಪು ನೀರು ತಾಗಿದ ಬ್ಯಾಟರಿ

2025ರ ಅಕ್ಟೋಬರ್ ಎರಡು, ಗುರುವಾರ, ವಿಜಯದಶಮಿ. ಬೆಳಿಗ್ಗೆ ಹತ್ತೂ ಐವತ್ತಕ್ಕೆ ರಯಾನ್ ಎಂಬ ಮೂವತ್ತೈದರ ಆಸುಪಾಸಿನ ವ್ಯಕ್ತಿ ಠಾಣೆಗೆ ಬಂದು, ಟೈಪು ಮಾಡಿಸಿದ ದೂರೊಂದನ್ನು ಹೆಡ್ ಕಾನ್‌ಸ್ಟೆಬಲ್ ಮುನಿವೆಂಕಟಪ್ಪನವರ ಮೇಜಿನ ಮೇಲಿಟ್ಟ. ಹಿಂದಿನ ದಿನದ ಆಯುಧಪೂಜೆಗೆ ಜೀಪಿಗೆ ಕಟ್ಟಿದ್ದ ಬಾಳೆಕಂದು ಹೊರಗೆ ಇನ್ನೂ ಹಸಿರಾಗಿಯೇ ಇತ್ತು.

ಮುನಿವೆಂಕಟಪ್ಪ ಕನ್ನಡಕ ಏರಿಸಿ ಓದಿದರು. ರಯಾನನದು ಪ್ರವಾಸದ ಕಂಪನಿ. ಬ್ಯಾಟರಿ ಸೈಕಲ್ಲುಗಳನ್ನು ಟೆಂಪೊದಲ್ಲಿ ಕರಾವಳಿಗೆ ಒಯ್ದು, ಕುಂದಾಪುರದಿಂದ ಬೈಂದೂರಿನವರೆಗೆ ಸಮುದ್ರದ ಅಂಚಿನಲ್ಲಿ ಜನರನ್ನು ಸವಾರಿ ಮಾಡಿಸುವುದು, ಜೊತೆಗೊಬ್ಬ ಗೈಡು. ಸೈಕಲ್ಲುಗಳ ಶೆಡ್ಡು ಜೋಗುಪಾಳ್ಯದಲ್ಲಿ. ಆ ಶೆಡ್ಡಿನಲ್ಲಿ ಅಂದು ಬೆಳಿಗ್ಗೆ ಒಂಬತ್ತೂ ಕಾಲಿಗೆ ಚಾರ್ಜಿಗೆ ಹಾಕಿದ್ದ ಬ್ಯಾಟರಿ ಸಿಡಿದು ಮೆಕ್ಯಾನಿಕ್ ಸೈಫ್ ಸುಟ್ಟುಕೊಂಡಿದ್ದಾನೆ. ಚಾರ್ಜಿಂಗ್ ಜಾಗದಲ್ಲಿ ಸೈಫ್ ಬೀಡಿ ಸೇದಿದ್ದೇ ಕಾರಣ, ಅವನ ಮೇಲೆ ಕ್ರಮ ಕೈಗೊಳ್ಳಬೇಕು ಎಂದಿತ್ತು ದೂರು.

"ಅವನು ಬೀಡಿ ಸೇದ್ತಿದ್ದದ್ದು ನೀವು ನೋಡಿದ್ರಾ?"

"ನಾನು ಸ್ಪಾಟಲ್ಲಿ ಇರ್ಲಿಲ್ಲ ಸರ್. ಆದ್ರೆ ಬ್ಯಾಟರಿ ಸುಮ್‌ಸುಮ್ನೆ ಬ್ಲಾಸ್ಟ್ ಆಗಲ್ವಲ್ಲ."

"ಮತ್ತೆ ಬೀಡಿ ಎಲ್ಲಿಂದ ಬಂತು?"

"ಮೆಕ್ಯಾನಿಕ್ಕು ಅಲ್ವಾ ಸರ್. ಇನ್ನೇನು ಸೇದ್ತಾನೆ, ಸಿಗಾರಾ?"

ಮುನಿವೆಂಕಟಪ್ಪ ನಗಲಿಲ್ಲ. ಕೆ.ಆರ್. ಪುರದಾಚೆಯ ಒಕ್ಕಲು ಮನೆಯಿಂದ ಬಂದವರು, ಮೂವತ್ತೊಂದು ವರ್ಷದ ಸರ್ವೀಸು. ದೂರಿನಲ್ಲಿ ಹೆಸರಿದ್ದ ಮೇಲೆ ಬರೆಯದೆ ಇರುವಂತಿಲ್ಲ. ಬೆಂಕಿಯ ನಿರ್ಲಕ್ಷ್ಯಕ್ಕೆ ಹಾಕುವ ಬಿ.ಎನ್.ಎಸ್. ಕಲಂ 287, 125ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿ: ಸೈಫ್, ವಯಸ್ಸು ಇಪ್ಪತ್ತಾರು, ಶಿವಾಜಿನಗರ.

ಹನ್ನೊಂದೂ ಮುಕ್ಕಾಲಿಗೆ ಇನ್ಸ್‌ಪೆಕ್ಟರ್ ಇನಾಯತ್ ಉಲ್ಲಾ ಶೆಡ್ಡಿನಲ್ಲಿ ಪಂಚನಾಮೆ ಮಾಡಿಸಿದರು. ಗೋಡೆಗೆ ಸಾಲಾಗಿ ಚಾರ್ಜರುಗಳು. ಒಟ್ಟು ಹದಿನಾಲ್ಕು ಬ್ಯಾಟರಿ, ಅದರಲ್ಲಿ ಮೂರು ಸುಟ್ಟು ಕರಕಲು. ಉಳಿದ ಹನ್ನೊಂದರ ಮೇಲೂ ಪೂಜೆಯ ಕುಂಕುಮದ ಬೊಟ್ಟು. ನೆಲದಲ್ಲಿ ಒಡೆದ ಬೂದುಗುಂಬಳ, ತುಳಿದ ನಿಂಬೆಹಣ್ಣು. ಬೀಡಿಯ ತುಂಡಾಗಲಿ ಬೆಂಕಿಪೊಟ್ಟಣವಾಗಲಿ ಸಿಗಲಿಲ್ಲ. "ಸುಟ್ಟು ಹೋಗಿರುತ್ತೆ" ಎಂದ ರಯಾನ್. ಗೋಡೆಯ ಮೇಲೆ ಸೈಫನ ಕೈಬರಹದ ರಟ್ಟೊಂದು ತೂಗುತ್ತಿತ್ತು: 'ಉಪ್ಪು ನೀರು ತಾಗಿದ ಬ್ಯಾಟರಿಗೆ ಕೆಂಪು ಬೊಟ್ಟು ಇಡಿ. ನಾನು ಬಿಚ್ಚಿ ನೋಡುವ ತನಕ ಚಾರ್ಜಿಗೆ ಹಾಕಬೇಡಿ.' ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು, ಹೆಚ್ಚು ಯೋಚಿಸಲಿಲ್ಲ.

"ಬೆಂಕಿಯಿಂದ ಅವನನ್ನ ಹೊರಗೆ ಎಳೆದದ್ದು ಯಾರು?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮ ಗೈಡು, ಪ್ರೇಮ್‌ಕುಮಾರ್. ಅವನ ಎರಡು ಕೈಯೂ ಸುಟ್ಟಿದೆ ಸರ್. ಒಳ್ಳೆ ಹುಡುಗ."

ಮಧ್ಯಾಹ್ನ ಎರಡಕ್ಕೆ ಸೈಫನ ತಾಯಿ ನೂರ್ಜಹಾನ್ ಆಸ್ಪತ್ರೆಯಿಂದ ನೇರ ಠಾಣೆಗೆ ಬಂದರು. ಮಗನಿಗೆ ಗಂಟಲೊಳಗೂ ಸುಟ್ಟಿತ್ತು, ಮಾತಿರಲಿಲ್ಲ. ಆಕೆ ಅತ್ತಿರಲಿಲ್ಲ. ಅಳುವುದಕ್ಕೂ ಮೊದಲು ಮುಗಿಸಬೇಕಾದ ಕೆಲಸವೊಂದು ಇದ್ದವರ ಹಾಗೆ ಬೆಂಚಿನ ತುದಿಯಲ್ಲಿ ಕೂತರು.

"ಸಾಬ್, ಅವನು ಬೀಡಿ ಮುಟ್ಟಿದವನಲ್ಲ. ಅವರಪ್ಪ ಸೇದಿ ಸೇದಿನೇ ಹೋಗಿದ್ದು. ಗಲ್ಲೀಲಿ ಯಾರಾದ್ರೂ ಬೆಂಕಿಕಡ್ಡಿ ಗೀರಿದ್ರೆ ಜಗಳಕ್ಕೆ ಹೋಗ್ತಿದ್ದ. ಎಲ್ರೂ ಅವನ್ನ ಫೈರ್ ಇಂಜಿನ್ ಅಂತ ಆಡ್ಕೊಳ್ಳೋರು. ಕಾಗದದಲ್ಲಿ ಅವನ ಹೆಸರು ಬರೆದಿದ್ದೀರಂತೆ. ತೆಗೀರಿ."

"ಬರೆದದ್ದನ್ನ ಹಾಗೆ ತೆಗೆಯೋಕೆ ಬರಲ್ಲಮ್ಮ. ಬೇರೆ ಕಾರಣ ಏನು ಅಂತ ಗೊತ್ತಾಗ್ಬೇಕು."

"ಹಾಗಾದ್ರೆ ಹುಡುಕಿ. ಅವನಿಗೆ ಬಾಯಿಲ್ಲ, ನಿಮಗೆ ಇದೆಯಲ್ಲ."

ಮೂರನೇ ತಾರೀಖು ಸೈಫನ ಹೇಳಿಕೆ ಪಡೆಯಲು ಮುನಿವೆಂಕಟಪ್ಪ ಆಸ್ಪತ್ರೆಗೆ ಎರಡು ಸಲ ಹೋದರು. ಎರಡು ಸಲವೂ ವೈದ್ಯರು 'ಹೇಳಿಕೆ ನೀಡುವ ಸ್ಥಿತಿಯಲ್ಲಿಲ್ಲ' ಎಂದು ಬರೆದುಕೊಟ್ಟರು. ನಾಲ್ಕನೇ ತಾರೀಖು ಶನಿವಾರ ಬೆಳಗಿನ ಆರೂ ಇಪ್ಪತ್ತಕ್ಕೆ ಸೈಫ್ ತೀರಿಕೊಂಡ.

ಇನ್ಸ್‌ಪೆಕ್ಟರು ಫೈಲನ್ನು ಮುಂದಿಟ್ಟುಕೊಂಡರು. "ಮುನಿವೆಂಕಟಪ್ಪೋರೇ, ಇರೋನು ಒಬ್ಬನೇ ಆರೋಪಿ. ಅವನೂ ಹೋದ. ಇನ್ನು ಇದರಲ್ಲಿ ವಿಚಾರಣೆಗೆ ಯಾರಿದ್ದಾರೆ, ಸೋಮವಾರ ಮುಗಿಸಿ ಕಳಿಸಿ ಅಂತ ಮೇಲಿಂದ ಫೋನು ಬಂದಿದೆ."

"ಮುಗಿಸಿದ್ರೆ ಅವನೇ ತಪ್ಪು ಮಾಡಿ ಸತ್ತ ಅಂತ ಆಗುತ್ತಲ್ಲ ಸಾರ್."

"ಆಗುತ್ತೆ. ಸುಟ್ಟ ಬ್ಯಾಟರಿ ಪರೀಕ್ಷೆಗೆ ಎಫ್‌ಎಸ್‌ಎಲ್‌ಗೆ ಹೋಗಿದೆ, ವರದಿ ಬರೋಕೆ ತಿಂಗಳುಗಟ್ಟಲೆ ಬೇಕು. ಅಷ್ಟರ ತನಕ ಕಾಯಿ ಅಂತ ಯಾರೂ ಹೇಳಲ್ಲ. ಸೋಮವಾರದೊಳಗೆ ನಿಮಗೇನಾದ್ರೂ ಸಿಕ್ರೆ ನೋಡಿ."

ಮರಣೋತ್ತರ ಪರೀಕ್ಷೆಯ ಕಾಗದಪತ್ರ ಮುಗಿಸಿ ಮುನಿವೆಂಕಟಪ್ಪ ಮತ್ತೆ ಶೆಡ್ಡಿಗೆ ಹೋದರು. ಒಳಗೆ ನೋಡಲು ಏನೂ ಉಳಿದಿರಲಿಲ್ಲ. ಹೊರಗೆ ತಗಡಿನ ಚಪ್ಪರದಡಿ ಹನ್ನೆರಡು ಸೈಕಲ್ಲು ಬೆಂಕಿ ತಾಗದೆ ನಿಂತಿದ್ದವು, ಪೂಜೆಗೆಂದು ತಿಕ್ಕಿ ತೊಳೆದು ಹೂ ಮುಡಿಸಿದ್ದು. ಕೆಲಸವಿಲ್ಲದವರ ಹಾಗೆ ಅವರು ಒಂದೊಂದನ್ನೇ ಮುಟ್ಟುತ್ತ ಹೋದರು. ಬ್ಯಾಟರಿ ಕೂರಿಸುವ ಗೂಡಿನಲ್ಲಿ ಬೆರಳು ಹಾಕಿ ನೋಡಿದರು. ಒಂಬತ್ತನೇ ನಂಬರಿನ ಸೈಕಲ್ಲಿನ ಗೂಡಿನಲ್ಲಿ ಬೆರಳಿಗೆ ಮರಳು ತಾಗಿತು. ಟಾರ್ಚು ಬಿಟ್ಟು ನೋಡಿದರೆ ತಾಮ್ರದ ಕಡ್ಡಿಗಳ ಸುತ್ತ ಬೆಳ್ಳಗೆ ಹೊಪ್ಪಳಿಕೆ ಎದ್ದಿತ್ತು.

ಅವರ ತಂದೆಯ ಹೊಲದ ಕೆಳಗಿನ ಮಡಿ ಚೌಳು. ನೀರು ನಿಂತು ಆರಿದ ಮೇಲೆ ಮಣ್ಣು ಹೀಗೇ ಬೆಳ್ಳಗೆ ಅರಳಿಕೊಳ್ಳುತ್ತಿತ್ತು, ಅಲ್ಲಿ ಬಿತ್ತಿದ ರಾಗಿ ಮೊಳಕೆಯಲ್ಲೇ ಸುಡುತ್ತಿತ್ತು. ಉಗುರಿನಲ್ಲಿ ಒಂದಿಷ್ಟು ಕೆರೆದು ನಾಲಿಗೆಗೆ ಇಟ್ಟುಕೊಂಡರು. ಉಪ್ಪು.

ಕೂಡಲೇ ರಯಾನನಿಗೆ ಫೋನು ಮಾಡಿದರು.

"ಯಾವುದಾದ್ರೂ ಸೈಕಲ್ಲು ಸಮುದ್ರಕ್ಕೆ ಬಿದ್ದಿತ್ತಾ?"

"ಛೇ, ಇಲ್ಲ ಸರ್. ಬಿದ್ದಿದ್ರೆ ಗೈಡ್ ರಿಪೋರ್ಟ್ ಮಾಡ್ತಿದ್ದ."

"ಒಂಬತ್ತನೇ ಸೈಕಲ್ಲಲ್ಲಿ ಇದ್ದ ಬ್ಯಾಟರಿ ಯಾವುದು?"

"ಹಾಗೆ ಫಿಕ್ಸ್ ಇಲ್ಲ ಸರ್. ಚಾರ್ಜ್ ಇಳಿದ ಹಾಗೆ ದಾರೀಲೇ ಬದಲಾಯಿಸ್ತಾರೆ. ಹದಿನಾಲ್ಕೂ ಒಂದೇ ಥರ ಇರೋದು."

ಸೆಪ್ಟೆಂಬರ್ ಇಪ್ಪತ್ತೇಳು, ಇಪ್ಪತ್ತೆಂಟರ ಪ್ರವಾಸಕ್ಕೆ ಹೋದವರ ಪಟ್ಟಿ ತರಿಸಿಕೊಂಡರು. ಹನ್ನೊಂದು ಜನರಲ್ಲಿ ಹತ್ತು ಜನ ಏನೂ ನೆನಪಿಲ್ಲ ಎಂದರು, ಇಲ್ಲವೇ ಪೊಲೀಸ್ ಎಂದ ಕೂಡಲೇ ಫೋನು ಇಟ್ಟರು. ಇಂದಿರಾನಗರದ ದಿವ್ಯ ಎಂಬಾಕೆ ಮಾತ್ರ ಬನ್ನಿ ಎಂದಳು. ಐದನೇ ತಾರೀಖು ಭಾನುವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರೂ ಮುನಿವೆಂಕಟಪ್ಪನವರೂ ಅವಳ ಮನೆಯಲ್ಲಿ ಕೂತು ಮೊಬೈಲಿನಲ್ಲಿ ವೀಡಿಯೊ ನೋಡಿದರು.

ಮರವಂತೆ. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ರಸ್ತೆ. ಸೈಕಲ್ಲುಗಳು ಸಾಲಾಗಿ ಸದ್ದಿಲ್ಲದೆ ಹೋಗುತ್ತಿದ್ದವು. ಮುಂದಿದ್ದ ಪ್ರೇಮ್‌ಕುಮಾರ್ ಕೈಯೆತ್ತಿ, ದೋಣಿಗಳನ್ನೂ ಬಲೆ ಒಣಹಾಕಿದ ಜಾಗವನ್ನೂ ತೋರಿಸುತ್ತಿದ್ದ, ಮೀನುಗಳ ಹೆಸರನ್ನು ತಾನೇ ಹಿಡಿದವನಂತೆ ಹೇಳುತ್ತಿದ್ದ. ಮುನಿವೆಂಕಟಪ್ಪ ಸಮುದ್ರ ನೋಡಿದ್ದು ಒಂದೇ ಸಲ, ಅದೂ ಬಂದೋಬಸ್ತಿಗೆ ಹೋದಾಗ, ಬೆನ್ನು ಮಾಡಿ ನಿಂತು. ಅವರು ಕಣ್ಣು ಕೀಳದೆ ನೋಡಿದರು.

"ಇಲ್ಲಿ ನೋಡಿ ಸರ್" ಎಂದಳು ದಿವ್ಯ. "ಒದ್ದೆ ಮರಳಲ್ಲಿ ಓಡಿಸ್ಬೇಕು ಅಂತ ನಾವೇ ಹಟ ಮಾಡಿದ್ವಿ. ಬೇಡ ಬೇಡ ಅಂದ. ಆಮೇಲೆ ಒಪ್ಕೊಂಡ."

ಮರಳಿನ ಮೇಲೆ ಸಾಲು ಇಳಿಯಿತು. ಉಳಿದವುಗಳಿಗಿಂತ ದೊಡ್ಡದಾದ ಅಲೆಯೊಂದು ಎದ್ದು ಬಂತು. ಪ್ರೇಮ್‌ಕುಮಾರ್ ಸೈಕಲ್ಲನ್ನು ಅಲ್ಲೇ ಬಿಸಾಕಿ ದಡದ ಕಡೆ ಓಡಿದ, ಎಡವಿದ, ಕೈ ಊರಿಕೊಂಡೇ ಮೇಲೆ ಹೋದ. ನೀರು ಮೊಣಕಾಲುದ್ದವೂ ಇರಲಿಲ್ಲ. "ಗುರು, ಗೈಡೇ ಎಸ್ಕೇಪು!" ಎಂದು ಯಾರೋ ಕೂಗಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನೊರೆಯೊಳಗೆ ಸೈಕಲ್ಲು ಮುಳುಗಿ ಎದ್ದಿತು. ಅದರ ನಂಬರು ಒಂಬತ್ತು.

"ಈ ವೀಡಿಯೊ ಎಲ್ಲೂ ಹಾಕ್ಬೇಡಿ ಮೇಡಂ ಅಂತ ಬೇಡ್ಕೊಂಡ. ಪಾಪ ಅನ್ನಿಸ್ತು, ಹಾಕ್ಲಿಲ್ಲ."

"ಬ್ಯಾಟರಿ ಏನು ಮಾಡಿದ?"

"ಬಿಚ್ಚಿ ಒರೆಸಿದ. ಟೆಂಪೊ ಡ್ರೈವರ್ ಹತ್ರ ದೇವಸ್ಥಾನದ ಕುಂಕುಮ ಇತ್ತು, ಅದನ್ನ ಇಸ್ಕೊಂಡು ಬ್ಯಾಟರಿಗೆ ಬೊಟ್ಟಿಟ್ಟ. ಇದೇನು ಬ್ಯಾಟರಿಗೂ ಮುತ್ತೈದೆತನನಾ ಅಂತ ಕೇಳ್ದೆ. ಇದನ್ನ ಚಾರ್ಜಿಗೆ ಹಾಕಿದ್ರೆ ಬಾಂಬ್ ಆಗುತ್ತೆ ಮೇಡಂ, ನಮ್ಮ ಸೈಫ್‌ಗೆ ಗುರುತು ಅಂದ."

ಇನ್ಸ್‌ಪೆಕ್ಟರು ತಲೆಯೆತ್ತಿದರು. "ಬಾಂಬ್ ಆಗುತ್ತೆ ಅಂದನಾ? ಅದೇ ಮಾತಾ?"

"ಅದೇ ಮಾತು ಸರ್. ಯಾಕೆ, ಏನಾಯ್ತು?"

ಅವಳಿಗೆ ವಿಷಯ ಗೊತ್ತಿರಲಿಲ್ಲ. ಮುನಿವೆಂಕಟಪ್ಪ ಹೇಳಿದರು. ಅವಳು ಹೇಳಿಕೆಗೆ ಸಹಿ ಹಾಕಿದಳು.

ಸಂಜೆ ಐದೂ ಹತ್ತಕ್ಕೆ ಕಗ್ಗದಾಸಪುರದ ಮನೆ. ಎರಡು ಕೈಗೂ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಪ್ರೇಮ್‌ಕುಮಾರ್ ಚಾಪೆಯ ಮೇಲೆ ಕೂತಿದ್ದ. ತಾಯಿ ಆಂಜನಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಗಿಡುತ್ತಿದ್ದರು. ಪೊಲೀಸರನ್ನು ಕಂಡು ಗಡಬಡಿಸಿ ಎದ್ದು, ಸೆರಗಿನಲ್ಲಿ ಕುರ್ಚಿ ಒರೆಸಿದರು.

"ಬನ್ನಿ ಸ್ವಾಮಿ, ಕೂತ್ಕಳಿ. ಬೆಂಕಿಗೆ ನುಗ್ಗಿ ಗೆಳೆಯನ್ನ ಎಳ್ಕೊಂಡ್ ಬಂದನಲ್ಲ ನನ್ ಮಗ, ಪೇಪರ್‌ನೋರೂ ಬಂದಿದ್ರು. ಸರ್ಕಾರದಿಂದ ಏನಾದ್ರೂ ಕೊಡ್ತಾರಾ?"

ಇನ್ಸ್‌ಪೆಕ್ಟರು ಪ್ರೇಮ್‌ಕುಮಾರನ ಎದುರು ಕೂತರು.

"ನಿನಗೆ ಈಜು ಬರುತ್ತಾ?"

"ಬರುತ್ತೆ ಸರ್."

"ಮರವಂತೆ ವೀಡಿಯೊ ನೋಡಿದ್ವಿ."

ಅವನು ತಾಯಿಯ ಕಡೆ ನೋಡಿದ. "ಅಮ್ಮ, ನೀನು ಒಳಗೆ ಹೋಗು." ಅವರು ಹೋಗಲಿಲ್ಲ. ಅವನೇ ಮುಂದುವರಿಸಿದ, "ಬರಲ್ಲ ಸರ್. ಈಜು ಬರುತ್ತೆ ಅಂತ ಬರೆದುಕೊಟ್ಟು ಕೆಲಸಕ್ಕೆ ಸೇರ್ದೆ. ನೀರು ಕಂಡ್ರೆ ಭಯ. ದಿನಾ ಹೋಗ್ತಿದ್ರೆ ಭಯ ಹೋಗುತ್ತೆ ಅಂದ್ಕೊಂಡಿದ್ದೆ."

"ಬ್ಯಾಟರಿ ವಿಷಯ ಹೇಳು."

"ಸೋಮವಾರ, ಮಂಗಳವಾರ ಸೈಫ್ ಕೋಲಾರಕ್ಕೆ ಮದುವೆಗೆ ಹೋಗಿದ್ದ. ಬಂದ ಮೇಲೆ ಅವನೊಬ್ಬನಿಗೇ ಹೇಳೋಣ ಅಂತ ಬೊಟ್ಟಿಟ್ಟು ಬೇರೆ ಎತ್ತಿಟ್ಟಿದ್ದೆ. ಬುಧವಾರ ಹೂ ತರೋಕೆ ಮಾರ್ಕೆಟ್‌ಗೆ ಹೋದೆ. ವಾಪಸ್ ಬರೋ ಅಷ್ಟರಲ್ಲಿ ರಯಾನ್ ಸರ್ ಫೋಟೋಗೆ ಅಂತ ಎಲ್ಲ ಬ್ಯಾಟರೀನೂ ಒರೆಸಿ ಸಾಲಾಗಿ ಇಡ್ಸಿದ್ರು. ಹದಿನಾಲ್ಕಕ್ಕೂ ಕುಂಕುಮ ಇಟ್ಟಿದ್ರು."

"ಯಾವುದು ಅಂತ ನಿನಗೂ ಗೊತ್ತಾಗ್ಲಿಲ್ಲ."

"ಇಲ್ಲ."

"ಅದರೊಳಗೆ ಒಂದು ಸಮುದ್ರಕ್ಕೆ ಬಿದ್ದದ್ದು ಅಂತ ಗೊತ್ತಿತ್ತು."

"ಗೊತ್ತಿತ್ತು."

ಮುನಿವೆಂಕಟಪ್ಪನವರ ಪೆನ್ನು ನಿಂತಿತು. ಆ ಒಂದು ಮಾತು ಕೇಸನ್ನು ಎಲ್ಲಿಗೆ ಒಯ್ಯುತ್ತದೆಂದು ಅವರಿಗೆ ಗೊತ್ತಿತ್ತು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ನಿಜ. ದಿವ್ಯಳ ಹೇಳಿಕೆ ನಿಲ್ಲುತ್ತದೆ.

"ಬುಧವಾರ ಸಂಜೆ ಇತ್ತು, ಗುರುವಾರ ಬೆಳಿಗ್ಗೆ ಇತ್ತು. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹದಿನಾಲ್ಕೂ ಬಿಚ್ಬೇಕು, ಗುರುವಾರದ ಟ್ರಿಪ್ ಕ್ಯಾನ್ಸಲ್. ಯಾಕೆ ಅಂತ ಕೇಳ್ತಾರೆ. ಓಡಿಹೋದದ್ದು ಗೊತ್ತಾಗುತ್ತೆ. ನಾಲ್ಕು ದಿನ ಆಗಿದೆ, ಒಣಗಿರುತ್ತೆ ಅಂದ್ಕೊಂಡೆ ಸರ್."

ಬಂಧನದ ಮೆಮೊ ಬರೆದಾಯಿತು. ಸಹಿ ಹಾಕಲು ಕೈಯಿಲ್ಲ, ಹೆಬ್ಬೆಟ್ಟಿಗೂ ಇಲ್ಲ. ಕೊನೆಗೆ ಎಡಗಾಲಿನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡರು. ಸಮಯ ಆರೂ ಐದು. ಮಾಹಿತಿ ಪಡೆದವರು: ತಾಯಿ. ಆಂಜನಮ್ಮನ ಕೈಯಲ್ಲಿ ಮುದ್ದೆ ಮೆತ್ತಿಕೊಂಡೇ ಇತ್ತು, ಅದೇ ಕೈಯಲ್ಲಿ ಕಾಗದ ಹಿಡಿದು, "ಎಳ್ಕೊಂಡ್ ಬಂದೋನು ಇವನೇ ಅಲ್ವಾ ಸ್ವಾಮಿ? ಇವನೇ ಅಲ್ವಾ?" ಎನ್ನುತ್ತ ಜೀಪಿನ ತನಕ ಬಂದರು.

ಜೀಪು ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಹಿಂದಿನ ಸೀಟಿನಲ್ಲಿ ಪಕ್ಕ ಕೂತಿದ್ದ ಮುನಿವೆಂಕಟಪ್ಪನವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಪ್ರೇಮ್‌ಕುಮಾರ್ ಹೇಳಿದ:

"ಬುಧವಾರ ಸೈಫ್‌ಗೆ ಹೇಳೋಕೆ ಅಂತಾನೇ ಹೋದೆ. ನಾನು ಬಾಯಿ ತೆಗೆಯೋಕೆ ಮುಂಚೆ ಅವನೇ, ಮಗಾ, ನಾಳೆ ಸಮುದ್ರ! ಅಂದ. ಈ ಟ್ರಿಪ್ಪಲ್ಲಿ ಒಂದು ಸೀಟು ಖಾಲಿ ಇತ್ತು, ಅವನನ್ನ ಕರ್ಕೊಂಡು ಹೋಗೋಕೆ ನಾನೇ ಒಪ್ಪಿಸಿದ್ದೆ. ಎರಡು ವರ್ಷದಿಂದ ಸೈಕಲ್ಲಿಂದ ಮರಳು ಕೆರೆದು ತೆಗೀತಿದ್ದೋನು ಸರ್, ಸಮುದ್ರನೇ ನೋಡಿರ್ಲಿಲ್ಲ. ಕ್ಯಾನ್ಸಲ್ ಆಗುತ್ತೆ ಅಂತ ಹೇಗೆ ಹೇಳ್ಲಿ?"

ಅದು ನಿಜವೋ, ಮೂರು ದಿನ ನಿದ್ದೆಗೆಟ್ಟು ಅವನು ತನಗೆ ತಾನೇ ಹುಡುಕಿಕೊಂಡ ಸಮಾಧಾನವೋ ಮುನಿವೆಂಕಟಪ್ಪನವರಿಗೆ ತಿಳಿಯಲಿಲ್ಲ. ಠಾಣೆಯಲ್ಲಿ ಇನ್ಸ್‌ಪೆಕ್ಟರಿಗೆ ಹೇಳಿದರು. ಅವರು ಕೇಳಿಸಿಕೊಂಡು, "ಬರೀರಿ. ಆದ್ರೆ ಸೆಕ್ಷನ್ ಅದರಿಂದ ಬದಲಾಗಲ್ಲ" ಎಂದರು. ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಕಲಂ 105, ಕೊಲೆಯಲ್ಲದ ನರಹತ್ಯೆ, ಸೇರಿತು, ಜಾಮೀನು ಸುಲಭಕ್ಕೆ ಸಿಗುವಂಥದ್ದಲ್ಲ. ಶೆಡ್ಡಿನಲ್ಲಿ ಬೆಂಕಿ ಆರಿಸುವ ಸಾಧನ ಇಲ್ಲದ್ದಕ್ಕೆ ರಯಾನನ ಮೇಲೂ ಪ್ರಕರಣವಾಯಿತು. ಅವನು ವಕೀಲರೊಂದಿಗೇ ಬಂದು ಅರ್ಧ ಗಂಟೆಯಲ್ಲಿ ಜಾಮೀನು ಪಡೆದು ಹೋದ.

ಆರನೇ ತಾರೀಖು ಸೋಮವಾರ, ಶಿವಾಜಿನಗರದ ಮನೆಯಲ್ಲಿ ಸೈಫನ ಜಿಯಾರತ್, ಮೂರನೇ ದಿನದ ಪ್ರಾರ್ಥನೆ. ಜನ ಕರಗಿದ ಮೇಲೆ ಮುನಿವೆಂಕಟಪ್ಪ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಹೋಗಿ, ನೂರ್ಜಹಾನರ ಮುಂದೆ ಕಾಗದ ಇಟ್ಟರು.

"ಆರೋಪಿ ಅಂತ ಇದ್ದ ನಿಮ್ಮ ಮಗನ ಹೆಸರು ಕೈಬಿಟ್ಟಿದ್ದೀವಮ್ಮ. ಅವನು ಬೀಡಿ ಸೇದಿಲ್ಲ, ಅವನದ್ದು ಏನೂ ತಪ್ಪಿಲ್ಲ ಅಂತ ಬರೆದಿದೆ."

ನೂರ್ಜಹಾನ್ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು, "ಯಾರದ್ದು ತಪ್ಪು?"

ಅವರು ಹೇಳಿದರು. ಬೊಟ್ಟಿನ ವಿಷಯ, ಹದಿನಾಲ್ಕು ಬ್ಯಾಟರಿ, ಖಾಲಿ ಇದ್ದ ಸೀಟು, ಎಲ್ಲ.

"ಪ್ರೇಮ್ ನಮ್ಮನೇಲಿ ಊಟ ಮಾಡ್ತಿದ್ದ ಸಾಬ್. ಸೈಫ್ ಹೆಸರು ತೆಗೀರಿ ಅಂದೆ. ಅಲ್ಲಿ ಇನ್ನೊಬ್ಬಳ ಮಗನ ಹೆಸರು ಹಾಕಿ ಅಂದಿರ್ಲಿಲ್ಲ." ಕಾಗದವನ್ನು ಅವರ ಕಡೆ ಸರಿಸಿದರು. "ಯಾರದ್ದೂ ತಪ್ಪಿಲ್ಲ ಅಂತ ಬರೆಯೋಕೆ ಬರಲ್ವಾ?"

"ಬರಲ್ಲಮ್ಮ."

"ನಾನು ಬರೆದುಕೊಟ್ರೆ?"

"ನೀವು ಬರೆದುಕೊಟ್ರೂ ಬರಲ್ಲ."

ಸ್ವೀಕೃತಿಗೆ ಸಹಿ ಬೇಕಿತ್ತು. ಮುನಿವೆಂಕಟಪ್ಪ ಪುಸ್ತಕ ತೆರೆದು ಹಿಡಿದರು. ನೂರ್ಜಹಾನ್ ಪೆನ್ನು ತೆಗೆದುಕೊಂಡು ಅದನ್ನೇ ನೋಡುತ್ತ ಕೂತರು. ಕೊನೆಗೆ ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ನಿಧಾನವಾಗಿ ತಮ್ಮ ಹೆಸರು ಬರೆದರು. ಅದರ ಪಕ್ಕ ಮುನಿವೆಂಕಟಪ್ಪ ಸಮಯ ನಮೂದಿಸಿಕೊಂಡರು, ಹನ್ನೆರಡೂ ನಲವತ್ತು.